ಬೋರ್ಡು ಒರೆಸೋರು ಯಾರು? ಸಿಸೌಂಡ್‌ನ ಗ್ಲೋಬಲ್ ವೇರಿಯಬಲ್‌ಗಳ ಜೊತೆ ನಮ್ಮ ಜಗಳ

ಮೊದಲ ಸೆಮಿಸ್ಟರಿನ ಸಿ ಲ್ಯಾಬಿನಲ್ಲಿ ನಾವೆಲ್ಲ ಕೇಳಿದ ಮಾತು: "ಗ್ಲೋಬಲ್ ವೇರಿಯಬಲ್ ಬಳಸಬೇಡಿ." ಯಾಕೆ ಅಂತ ಕೇಳಿದರೆ "ಅದು ಬ್ಯಾಡ್ ಪ್ರಾಕ್ಟೀಸ್" ಅನ್ನೋ ಉತ್ತರ. ರೆಕಾರ್ಡ್ ಪುಸ್ತಕದಲ್ಲಿ ಬರೆದೆವು, ವೈವಾದಲ್ಲಿ ಒಪ್ಪಿಸಿದೆವು, ಮರೆತೆವು. ಆ ಮಾತಿನ ನಿಜವಾದ ಅರ್ಥ ನಮಗೆ ಗೊತ್ತಾಗಿದ್ದು ರಾಜ್ಯೋತ್ಸವದ ಹಿಂದಿನ ರಾತ್ರಿ, ಆಡಿಟೋರಿಯಂನ ಸ್ಪೀಕರ್ ಕಿವಿ ಸೀಳುವಂತೆ ಕಿರುಚಿದಾಗ.

ಆಗಿದ್ದಿಷ್ಟು. ಭಾವಗೀತೆ ಹಾಡೋ ಜೂನಿಯರ್‌ಗೆ ಶ್ರುತಿ ಬೇಕಿತ್ತು. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿದರೆ ಮುಗೀತಿತ್ತು. ಆದರೆ ನಾವು ಎಂಜಿನಿಯರಿಂಗ್ ಹುಡುಗರಲ್ವಾ, ಸುಮ್ಮನೆ ಇರ್ತೀವಾ? "ನಾವೇ ತಂಬೂರಿ ಮಾಡ್ತೀವಿ" ಅಂತ ಹೇಳಿ ಸಿಸೌಂಡ್ ಇನ್‌ಸ್ಟಾಲ್ ಮಾಡಿಕೊಂಡು ಕೂತೆವು. ಮೂರು ದಿನದಲ್ಲಿ ತಂತಿ ಮಿಡಿಯಿತು. ನಾಲ್ಕನೇ ದಿನ ಗ್ಲೋಬಲ್ ವೇರಿಯಬಲ್ ನಮ್ಮನ್ನು ಹಿಡಿದುಕೊಂಡಿತು. ಒಂದರ ಹಿಂದೊಂದು ನಾಲ್ಕು ತಪ್ಪು ಮಾಡಿದೆವು. ಆ ನಾಲ್ಕನ್ನೂ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇವೆ.

ಸಿಸೌಂಡ್ ಅಂದ್ರೆ ಏನು?

ಕೋಡ್ ಬರೆದು ಶಬ್ದ ಹುಟ್ಟಿಸುವ ಭಾಷೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲಿ 'ಮ್ಯೂಸಿಕ್' ಅನ್ನೋ ಪ್ರೋಗ್ರಾಂ ಬರೆದರು. ಕಂಪ್ಯೂಟರಿನಿಂದ ಸಂಗೀತ ಹೊರಡಿಸುವ ಭಾಷೆಗಳ ವಂಶ ಅಲ್ಲಿಂದ ಶುರು. ಅದೇ ವಂಶದಲ್ಲಿ 1980ರ ದಶಕದ ಮಧ್ಯಭಾಗದಲ್ಲಿ ಎಂಐಟಿಯ ಬ್ಯಾರಿ ವರ್ಕೋ ಬರೆದದ್ದು ಸಿಸೌಂಡ್. ಸಿ ಭಾಷೆಯಲ್ಲಿ ಬರೆದಿದ್ದರಿಂದ ಹೆಸರಿನಲ್ಲೂ ಸಿ ಸೇರಿಕೊಂಡಿತು. ಇವತ್ತಿಗೂ ಉಚಿತ, ಮುಕ್ತ ಸಾಫ್ಟ್‌ವೇರ್.

ಇದರಲ್ಲಿ ಎರಡು ಭಾಗ. 'ಆರ್ಕೆಸ್ಟ್ರಾ' ಭಾಗದಲ್ಲಿ ವಾದ್ಯಗಳ ವಿವರಣೆ. ಪ್ರತಿ ವಾದ್ಯಕ್ಕೂ ಒಂದು ನಂಬರ್. 'ಸ್ಕೋರ್' ಭಾಗದಲ್ಲಿ ಯಾವ ವಾದ್ಯ, ಯಾವಾಗ, ಎಷ್ಟು ಹೊತ್ತು ನುಡಿಯಬೇಕು ಅನ್ನೋ ಪಟ್ಟಿ. ಸ್ಕೋರ್‌ನ ಒಂದು ಸಾಲು ಅಂದ್ರೆ ಒಂದು ನೋಟ್. ಒಂದೇ ವಾದ್ಯದ ನಾಲ್ಕು ನೋಟ್ ಒಟ್ಟಿಗೆ ನುಡಿಯುತ್ತಿದ್ದರೆ ಆ ವಾದ್ಯದ ನಾಲ್ಕು ಪ್ರತಿಗಳು ಓಡುತ್ತಿವೆ ಅಂತ ಅರ್ಥ.

ನಮ್ಮ ತಂಬೂರಿಯಲ್ಲಿ 1ನೇ ವಾದ್ಯ ತಂತಿ. ಅದರೊಳಗೆ 'ಪ್ಲಕ್' ಅನ್ನೋ ಆಪ್‌ಕೋಡ್. ಕಾರ್ಪ್ಲಸ್ ಮತ್ತು ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ಮೀಟುತಂತಿಯ ವಿಧಾನವನ್ನು ಆಧರಿಸಿದ್ದು ಅದು. ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ ಅಂತ ನಾಲ್ಕು ನೋಟ್ ಸ್ಕೋರ್‌ನಲ್ಲಿ ಬರೆದು, ಅದನ್ನೇ ಮತ್ತೆ ಮತ್ತೆ ಬರುವ ಹಾಗೆ ಮಾಡಿದೆವು. ಒಂದು ತಂತಿಯ ನಾದ ಇಳಿಯುವ ಮೊದಲೇ ಇನ್ನೊಂದು ಮಿಡಿಯಬೇಕು, ಇಲ್ಲದಿದ್ದರೆ ಅದು ತಂಬೂರಿ ಅನ್ನಿಸೋದಿಲ್ಲ. ಹಾಗಾಗಿ ಯಾವ ಹೊತ್ತಿನಲ್ಲೂ ಎರಡು ಮೂರು ನೋಟ್ ಜೀವಂತ.

ಹೆಸರಿನಲ್ಲೇ ಜಾತಕ

ಸಿಸೌಂಡ್‌ನಲ್ಲಿ ವೇರಿಯಬಲ್ ಹೆಸರಿನ ಮೊದಲ ಅಕ್ಷರವೇ ಅದರ ಗುಣ ಹೇಳಿಬಿಡುತ್ತದೆ. 'ಐ' ಅಂತ ಶುರುವಾದರೆ ನೋಟ್ ಶುರುವಾಗುವ ಕ್ಷಣದಲ್ಲಿ ಒಂದೇ ಸಲ ಲೆಕ್ಕ. 'ಕೆ' ಅಂತ ಶುರುವಾದರೆ ಸೆಕೆಂಡಿಗೆ ಸಾವಿರಾರು ಸಲ ಲೆಕ್ಕ. ವಾಲ್ಯೂಮ್, ಕಂಪನದಂತಹ ನಿಧಾನವಾಗಿ ಬದಲಾಗೋ ಸಂಗತಿಗಳಿಗೆ ಇದು. 'ಎ' ಅಂತ ಶುರುವಾದರೆ ಅದು ಶಬ್ದವೇ, ಆಡಿಯೋ ಸಿಗ್ನಲ್.

ಇವೆಲ್ಲ ಲೋಕಲ್. ಪ್ರತಿ ನೋಟಿಗೂ ತನ್ನದೇ ಪ್ರತಿ. ಪಂಚಮದ ನೋಟಿನೊಳಗಿನ 'ಎ-ತಂತಿ' ಬೇರೆ, ಷಡ್ಜದ ನೋಟಿನೊಳಗಿನ 'ಎ-ತಂತಿ' ಬೇರೆ. ನೋಟ್ ಮುಗಿದರೆ ಅದರ ವೇರಿಯಬಲ್‌ಗಳ ಕೆಲಸವೂ ಮುಗೀತು.

ಈ ಅಕ್ಷರದ ಹಿಂದೆ ಒಂದು 'ಜಿ' ಸೇರಿಸಿದರೆ ಗ್ಲೋಬಲ್. ಜಿಐ, ಜಿಕೆ, ಜಿಎ. ಆಗ ಇಡೀ ಆರ್ಕೆಸ್ಟ್ರಾಕ್ಕೆ ಒಂದೇ ಪ್ರತಿ. ಯಾವ ವಾದ್ಯ ಬೇಕಾದರೂ ಓದಬಹುದು, ಯಾವ ವಾದ್ಯ ಬೇಕಾದರೂ ಬರೆಯಬಹುದು. (ಓದಲು ಸುಲಭವಾಗಲಿ ಅಂತ ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಗೆರೆ ಹಾಕಿ ಬರೆದಿದ್ದೇವೆ. ಕೋಡ್ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಗೆರೆ ಬೇಡ.)

ಕೆಲವು ಗ್ಲೋಬಲ್‌ಗಳು ನಿಜಕ್ಕೂ ಸಾಧು. ಆರ್ಕೆಸ್ಟ್ರಾದ ತಲೆಯಲ್ಲಿ ನಾವು ಹೀಗೆ ಬರೆದೆವು:

ಜಿಐ-ಸ = 130.81

ಇದು ಷಡ್ಜದ ಹರ್ಟ್ಜ್. ಪಂಚಮ ಬೇಕಾದರೆ ಜಿಐ-ಸ × 0.75, ಮಂದ್ರ ಷಡ್ಜ ಬೇಕಾದರೆ ಜಿಐ-ಸ × 0.5. ಹಾಡೋನು ಬಂದು "ಅಣ್ಣಾ, ಒಂದನೇ ಮನೆ ಬೇಡ, ಎರಡಕ್ಕೆ ಇಟ್ಕೊಳ್ಳೋಣ" ಅಂದರೆ ಆ ಒಂದು ಜಾಗದಲ್ಲಿ 146.83 ಅಂತ ತಿದ್ದಿದರೆ ಸಾಕು, ನಾಲ್ಕೂ ತಂತಿ ಸರಿಹೋಗುತ್ತವೆ. ಒಮ್ಮೆ ಬರೆದು ನೂರು ಸಲ ಓದೋ ಗ್ಲೋಬಲ್‌ನಿಂದ ಯಾರಿಗೂ ತೊಂದರೆ ಇಲ್ಲ. ತೊಂದರೆ ಶುರುವಾಗೋದು ಬರೆಯೋರು ಹೆಚ್ಚಾದಾಗ.

ರಿವರ್ಬ್‌ಗೆ ಗ್ಲೋಬಲ್ ಯಾಕೆ ಬೇಕು?

ತಂತಿಯ ಶಬ್ದ ಒಣಗಿದ ಹಾಗಿತ್ತು. ದೇವಸ್ಥಾನದ ಮಂಟಪದಲ್ಲಿ ಕೇಳುವಂತಹ ಗುಂಯ್‌ಗುಡುವಿಕೆ, ಅಂದ್ರೆ ರಿವರ್ಬ್ ಬೇಕಿತ್ತು. ತಂತಿ ವಾದ್ಯದ ಒಳಗೇ ರಿವರ್ಬ್ ಹಾಕಿದರೆ ಎರಡು ತೊಂದರೆ. ಒಂದು, ಪ್ರತಿ ನೋಟಿಗೂ ಒಂದು ರಿವರ್ಬ್ ಓಡಬೇಕು, ಪ್ರೊಸೆಸರ್‌ಗೆ ಸುಮ್ಮನೆ ಹೊರೆ. ಎರಡು, ನೋಟ್ ಮುಗಿದ ತಕ್ಷಣ ಅದರ ರಿವರ್ಬ್ ಕೂಡ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಆದರೆ ರಿವರ್ಬ್ ಇರೋದೇ ನೋಟ್ ಮುಗಿದ ಮೇಲೂ ಉಳಿಯೋಕೆ!

ಹಾಗಾಗಿ ಎಲ್ಲ ತಂತಿಗೂ ಸೇರಿ ಒಂದೇ ರಿವರ್ಬ್ ವಾದ್ಯ ಬೇಕು. ಅದಕ್ಕೆ 99 ಅಂತ ನಂಬರ್ ಕೊಟ್ಟು, ಕಾರ್ಯಕ್ರಮದ ಉದ್ದಕ್ಕೂ ಓಡುತ್ತಲೇ ಇರುವಂತೆ ಮಾಡುವುದು ರೂಢಿ. ತಂತಿಯ ಶಬ್ದ 1ನೇ ವಾದ್ಯದಿಂದ 99ನೆಯದಕ್ಕೆ ಹೋಗೋದು ಹೇಗೆ? ಜಿಎ ವೇರಿಯಬಲ್ ಮೂಲಕ. ಮಿಕ್ಸರ್ ಗೊತ್ತಿರೋರಿಗೆ ಇದು ಆಕ್ಸ್ ಸೆಂಡ್ ಇದ್ದ ಹಾಗೆ. ಗ್ಲೋಬಲ್ ಇಲ್ಲಿ ಸೋಮಾರಿತನ ಅಲ್ಲ, ಎರಡು ವಾದ್ಯಗಳ ನಡುವಿನ ವೈರ್.

ಈ ವೈರಿಗೆ ನಾವು 'ಜಿಎ-ಮಿಕ್ಸ್' ಅಂತ ಹೆಸರಿಟ್ಟು, ಮೊದಲಲ್ಲೇ ಸೊನ್ನೆಗೆ ಇನಿಟ್ ಮಾಡಿದೆವು. ಅರ್ಥ ಮಾಡಿಕೊಳ್ಳೋಕೆ ಇದನ್ನು ಕ್ಲಾಸಿನ ಬೋರ್ಡು ಅಂದುಕೊಳ್ಳಿ. ಎಲ್ಲರೂ ಬರೆಯಬಹುದು, ಎಲ್ಲರೂ ಓದಬಹುದು.

ತಪ್ಪು ಒಂದು: ಒಬ್ಬರ ಮೇಲೆ ಒಬ್ಬರು ಬರೆದಿದ್ದು

ತಂತಿ ವಾದ್ಯದಲ್ಲಿ ಮೊದಲು ಹೀಗೆ ಬರೆದೆವು:

ಜಿಎ-ಮಿಕ್ಸ್ = ಎ-ತಂತಿ × 0.3

ನೇರ ಶಬ್ದ ಸರಿಯಾಗಿತ್ತು, ಆದರೆ ರಿವರ್ಬ್ ಏನೋ ಬಡವಾಗಿತ್ತು. ಹೆಡ್‌ಫೋನ್ ಹಾಕಿ ಕೇಳಿದರೆ ಒಂದು ಹೊತ್ತಿಗೆ ಒಂದೇ ತಂತಿಗೆ ಗುಂಯ್‌ಗುಡುವಿಕೆ. ಹೊಸ ತಂತಿ ಮೀಟಿದ ಕ್ಷಣ ಹಳೇ ತಂತಿಯಿಂದ ರಿವರ್ಬ್‌ಗೆ ಹೋಗೋದು ನಿಂತುಬಿಡುತ್ತಿತ್ತು.

ಕಾರಣ ಸರಳ. ಮೂರು ನೋಟ್ ಜೀವಂತ ಇದ್ದರೆ ಮೂರೂ ಅದೇ ಬೋರ್ಡಿನ ಮೇಲೆ ಬರೆಯುತ್ತವೆ. ಸಮ ಚಿಹ್ನೆ ಅಂದ್ರೆ 'ಇದ್ದಿದ್ದನ್ನು ಅಳಿಸಿ ನಂದು ಬರಿ' ಅಂತ ಅರ್ಥ. 99ನೇ ವಾದ್ಯ ಓದುವ ಹೊತ್ತಿಗೆ ಕೊನೆಯಲ್ಲಿ ಬರೆದವನದ್ದು ಮಾತ್ರ ಉಳಿದಿರುತ್ತದೆ. ಪರಿಹಾರ, ಕೂಡಿಸೋದು:

ಜಿಎ-ಮಿಕ್ಸ್ = ಜಿಎ-ಮಿಕ್ಸ್ + ಎ-ತಂತಿ × 0.3

ಖುಷಿಯಾಯಿತು. ಅದೇ ಖುಷಿಯಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಆಡಿಟೋರಿಯಂಗೆ ಹೋದೆವು.

ತಪ್ಪು ಎರಡು: ಯಾರೂ ಒರೆಸಲಿಲ್ಲ

ದೊಡ್ಡ ಸ್ಪೀಕರಿಗೆ ಹಾಕಿದೆವು. ಮೊದಲ ಕೆಲವು ಮೀಟು ಚೆನ್ನಾಗಿತ್ತು. ಆಮೇಲೆ ತಂಬೂರಿಯ ಹಿಂದೆ ಒಂದು ಸಣ್ಣ 'ಈಈಈ' ಶುರುವಾಯಿತು. ಮೀಟಿದಷ್ಟೂ ಅದು ದಪ್ಪವಾಗುತ್ತಾ ಹೋಗಿ ಕೊನೆಗೆ ಕಿರುಚಾಟ. "ಲೋ, ವೈರ್ ಕಿತ್ತಾಕ್ರೋ!" ಅಂತ ಸೌಂಡ್ ನೋಡಿಕೊಳ್ಳೋ ಗೆಳೆಯ ಓಡಿ ಬಂದ. ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ಇನ್ನೊಬ್ಬ ಅದನ್ನು ಕಿತ್ತೆಸೆದು ಕಿವಿ ಹಿಡಿದುಕೊಂಡು ಕೂತುಬಿಟ್ಟ.

ಮೈಕ್ ಫೀಡ್‌ಬ್ಯಾಕ್ ಅಂದುಕೊಂಡೆವು. ಮೈಕ್ ಆನೇ ಇರಲಿಲ್ಲ. ರಿವರ್ಬ್‌ನ ಫೀಡ್‌ಬ್ಯಾಕ್ ಜಾಸ್ತಿಯಾಯಿತಾ ಅಂತ ಇಳಿಸಿದೆವು. ಕಿರುಚಾಟ ಸಣ್ಣದಾಯಿತು, ಹೋಗಲಿಲ್ಲ. ಷಡ್ಜವನ್ನು 130.81ರಿಂದ 146.83ಕ್ಕೆ ಏರಿಸಿದೆವು. ತಂಬೂರಿ ಏರಿತು, ಕಿರುಚಾಟದ ಸ್ಥಾಯಿ ಮಾತ್ರ ಅಲ್ಲಾಡಲಿಲ್ಲ. ಎಲ್ಲ ನೋಟ್ ಮುಗಿದ ಮೇಲೂ ಅದು ನಿಲ್ಲಲಿಲ್ಲ. ನುಡಿಸೋ ಸ್ವರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂದಮೇಲೆ ಇದು ಬರ್ತಿರೋದು ಎಲ್ಲಿಂದ?

ಫೋನಿನ ಟ್ಯೂನರ್ ಆ್ಯಪ್ ತೆಗೆದು ಅಳೆದೆವು. 1378 ಹರ್ಟ್ಜ್ ಆಸುಪಾಸು. ಆಗ ಒಬ್ಬಳಿಗೆ ಹೊಳೀತು: ನಮ್ಮ ಸ್ಯಾಂಪಲ್ ದರ 44100, ಅದನ್ನು 32ರಿಂದ ಭಾಗಿಸಿದರೆ 1378.125!

ಈ 32 ಎಲ್ಲಿಂದ ಬಂತು? ಸಿಸೌಂಡ್ ಶಬ್ದವನ್ನು ಒಂದೊಂದೇ ಸ್ಯಾಂಪಲ್ ಆಗಿ ಲೆಕ್ಕ ಹಾಕೋದಿಲ್ಲ, ಕಂತಿನಲ್ಲಿ ಹಾಕುತ್ತದೆ. ಒಂದು ಕಂತಿನಲ್ಲಿ ಎಷ್ಟು ಸ್ಯಾಂಪಲ್ ಅಂತ ಹೇಳುವುದು 'ಕೆಎಸ್‌ಎಂಪಿಎಸ್' ಅನ್ನೋ ಸೆಟ್ಟಿಂಗ್. ನಾವು 32 ಇಟ್ಟಿದ್ದೆವು. ಅಂದ್ರೆ ಜಿಎ-ಮಿಕ್ಸ್ ಒಂದು ಸಂಖ್ಯೆ ಅಲ್ಲ, 32 ಮನೆಗಳಿರೋ ಅರೇ. ಪ್ರತಿ ಸುತ್ತಿನಲ್ಲಿ, ಅಂದ್ರೆ ಸುಮಾರು 0.73 ಮಿಲಿಸೆಕೆಂಡಿಗೊಮ್ಮೆ, ಆ 32 ಮನೆಗಳಿಗೆ ಹೊಸ ಸ್ಯಾಂಪಲ್‌ಗಳನ್ನು ನಾವು ಕೂಡಿಸುತ್ತಿದ್ದೆವು. ಹಳೇದನ್ನು ಯಾರೂ ಒರೆಸುತ್ತಿರಲಿಲ್ಲ.

ಶಬ್ದದ ಅಲೆ ಸೊನ್ನೆಯ ಮೇಲೂ ಕೆಳಗೂ ಹೋಗುವುದರಿಂದ ಕೂಡಿದ್ದರಲ್ಲಿ ಒಂದಿಷ್ಟು ತಾನಾಗೇ ವಜಾ ಆಗುತ್ತದೆ. ಆದರೆ ಪೂರ್ತಿ ಆಗೋದಿಲ್ಲ. ಪ್ರತಿ ಮೀಟೂ ಆ 32 ಮನೆಗಳಲ್ಲಿ ಒಂದಿಷ್ಟು ಶೇಷ ಬಿಟ್ಟು ಹೋಗುತ್ತಿತ್ತು. ಒಂದು ಮನೆಯಲ್ಲಿ ಮೀಟಿಗೆ 0.05ರಷ್ಟು ಒಂದೇ ದಿಕ್ಕಿನಲ್ಲಿ ಉಳಿಯುತ್ತಾ ಹೋಯಿತು ಅನ್ನಿ. 20 ಮೀಟಿಗೆ ಅದು 1. ನಮ್ಮ ಸೆಟ್ಟಿಂಗಿನಲ್ಲಿ ಗರಿಷ್ಠ ಮಿತಿಯೇ 1! ಇನ್ನು ನೋಟ್‌ಗಳೆಲ್ಲ ನಿಂತ ಮೇಲೆ? 99ನೇ ವಾದ್ಯ ಅದೇ 32 ಸಂಖ್ಯೆಗಳನ್ನು ಸೆಕೆಂಡಿಗೆ 1378 ಸಲ ಓದುತ್ತಾ ಕೂತಿರುತ್ತದೆ. ಒಂದೇ ಆಕಾರದ ಅಲೆ ಸೆಕೆಂಡಿಗೆ 1378 ಸಲ ಬಂದರೆ ಕಿವಿಗೆ ಅದು 1378 ಹರ್ಟ್ಜ್‌ನ ಸ್ವರವೇ.

ಖಾತ್ರಿ ಮಾಡಿಕೊಳ್ಳೋಕೆ ವಾಲ್ಯೂಮ್ ತೀರಾ ಇಳಿಸಿ, ಕೆಎಸ್‌ಎಂಪಿಎಸ್ 64 ಮಾಡಿದೆವು. ಕಿರುಚಾಟ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯಿತು, 689ಕ್ಕೆ. ಹಿಡಿದದ್ದು ಸರಿಯಾದ ಕಳ್ಳನನ್ನೇ!

ಪರಿಹಾರ ಒಂದೇ ಸಾಲು. 99ನೇ ವಾದ್ಯದಲ್ಲಿ, ರಿವರ್ಬ್ ಓದಿಕೊಂಡ ಮೇಲೆ:

ಜಿಎ-ಮಿಕ್ಸ್ = 0

ಇದಕ್ಕೆಂದೇ 'ಕ್ಲಿಯರ್' ಅನ್ನೋ ಆಪ್‌ಕೋಡ್ ಕೂಡ ಇದೆ. ಬರೆಯೋರು ಕೂಡಿಸಬೇಕು, ಓದೋರು ಓದಬೇಕು, ಆಮೇಲೆ ಯಾರಾದರೂ ಬೋರ್ಡು ಒರೆಸಬೇಕು. ಇದು ನಮಗೆ ಮೊದಲೇ ಯಾಕೆ ಹೊಳೆಯಲಿಲ್ಲ? ಯಾಕಂದ್ರೆ ಸ್ಪೀಕರಿಗೆ ಕಳಿಸೋ 'ಔಟ್' ಆಪ್‌ಕೋಡ್ ಕೂಡ ಕೂಡಿಸುತ್ತದೆ, ಅಲ್ಲಿ ಈ ತೊಂದರೆ ಬಂದೇ ಇರಲಿಲ್ಲ. ಆ ಬೋರ್ಡನ್ನು ಪ್ರತಿ ಸುತ್ತಿಗೂ ಸಿಸೌಂಡ್ ತಾನೇ ಒರೆಸುತ್ತದೆ. ನಾವು ತಂದು ನೇತುಹಾಕಿದ ಬೋರ್ಡನ್ನು ನಾವೇ ಒರೆಸಬೇಕು.

ತಪ್ಪು ಮೂರು: ಬೇಗ ಒರೆಸಿದ್ದು

ರಿವರ್ಬ್ ಸರಿಹೋಯಿತು. ಆಸೆ ಬಿಡಬೇಕಲ್ಲ, ಜೊತೆಗೆ ಸ್ವಲ್ಪ ಎಕೋ ಇರಲಿ ಅಂತ 100ನೇ ವಾದ್ಯ ಬರೆದೆವು. ಅದೂ ಜಿಎ-ಮಿಕ್ಸನ್ನೇ ಓದುತ್ತದೆ. ಓಡಿಸಿದರೆ ಎಕೋ ಇಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಬರೀ ಮೌನ.

ಒಂದು ಸುತ್ತಿನಲ್ಲಿ ವಾದ್ಯಗಳು ನಂಬರಿನ ಏರಿಕೆ ಕ್ರಮದಲ್ಲಿ ಓಡುತ್ತವೆ. ಸ್ಕೋರ್‌ನಲ್ಲಿ ಯಾವುದು ಮೊದಲು ಬರೆದಿದ್ದೀರಿ ಅನ್ನೋದು ಮುಖ್ಯ ಅಲ್ಲ. 1 ಬರೆಯಿತು, 99 ಓದಿತು, ಒರೆಸಿತು. 100 ಬಂದು ನೋಡುವಾಗ ಬೋರ್ಡು ಖಾಲಿ. ಕ್ಲಾಸಿಗೆ ಲೇಟಾಗಿ ಬಂದು ನೋಟ್ಸ್ ಬರೆದುಕೊಳ್ಳೋಕೆ ಹೊರಟ ಹಾಗೆ. ಒರೆಸೋ ಕೆಲಸವನ್ನು 99ರಿಂದ ತೆಗೆದು, ಅದಕ್ಕೆಂದೇ 200ನೇ ವಾದ್ಯ ಮಾಡಿದೆವು. ಎಲ್ಲರೂ ಓದಿದ ಮೇಲೆ ಕೊನೆಯಲ್ಲಿ ಬರೋನು ಒರೆಸುತ್ತಾನೆ.

ಓದೋ ವಾದ್ಯದ ನಂಬರ್ ಬರೆಯೋ ವಾದ್ಯಕ್ಕಿಂತ ಚಿಕ್ಕದಾಗಿದ್ದರೆ? ಓದಿದ ಕೂಡಲೇ ಅದೇ ಒರೆಸುವಂತಿದ್ದರೆ ಶಬ್ದ ಬರುತ್ತದೆ, ಒಂದು ಸುತ್ತು ತಡವಾಗಿ. 0.73 ಮಿಲಿಸೆಕೆಂಡ್ ತಡವಾದರೆ ರಿವರ್ಬ್‌ನಲ್ಲಿ ಯಾರಿಗೂ ಗೊತ್ತಾಗೋದಿಲ್ಲ. ಆದರೆ ಒರೆಸೋ ವಾದ್ಯ ಬರೆಯೋರ ಮತ್ತು ಓದೋರ ಮಧ್ಯೆ ಸಿಕ್ಕಿಕೊಂಡರೆ ಪೂರ್ತಿ ಮೌನ.

ತಪ್ಪು ನಾಲ್ಕು: ಒರೆಸೋನು ಮನೆಗೆ ಹೋಗಿದ್ದು

ಸ್ಕೋರ್‌ನಲ್ಲಿ 99, 100 ಮತ್ತು 200ನೇ ವಾದ್ಯಗಳಿಗೆ 300 ಸೆಕೆಂಡ್ ಅಂತ ಬರೆದಿದ್ದೆವು. ಒಂದು ಹಾಡಿಗೆ ಐದು ನಿಮಿಷ ಸಾಕಲ್ವಾ ಅಂತ. ರಿಹರ್ಸಲ್‌ನಲ್ಲಿ ಹಾಡೋನು ಆಲಾಪ ಎಳೆದ. 300 ಸೆಕೆಂಡ್ ಮುಗಿದು ಮೂರೂ ನಿಂತವು, ರಿವರ್ಬ್ ಕಟ್ಟಾಯಿತು. ತಂತಿಗಳು ಮಾತ್ರ ಬೋರ್ಡಿನ ಮೇಲೆ ಕೂಡಿಸುತ್ತಲೇ ಇದ್ದವು. ನಾವು ಗಾಬರಿಯಲ್ಲಿ ಆ ಮೂರನ್ನೂ ಮತ್ತೆ ಶುರು ಮಾಡಿದಾಗ ಸ್ಪೀಕರಿನಲ್ಲಿ ಜೋರಾಗಿ 'ಟಪ್!' ಅಷ್ಟು ಹೊತ್ತು ಸೇರಿದ್ದ ಶೇಷವೆಲ್ಲ ಒಂದೇ ಸುತ್ತಿನಲ್ಲಿ ಹೊರಬಂದಿತ್ತು.

ಪಾಠ: ಓದೋ ಮತ್ತು ಒರೆಸೋ ವಾದ್ಯಗಳು ಬರೆಯೋ ವಾದ್ಯಗಳಿಗಿಂತ ಹೆಚ್ಚು ಹೊತ್ತು ಬದುಕಿರಬೇಕು. ಸ್ಕೋರ್‌ನಲ್ಲಿ 3600 ಸೆಕೆಂಡ್ ಕೊಡಿ, ಇಲ್ಲವೇ 'ಆಲ್ವೇಸ್‌ಆನ್' ಆಪ್‌ಕೋಡ್ ಬಳಸಿ.

ಜಿಕೆಯದ್ದೂ ಒಂದು ಮಾತು

ವಾಲ್ಯೂಮ್ ಏರಿಸಿ ಇಳಿಸೋಕೆ ಸ್ಲೈಡರ್ ಒಂದನ್ನು 'ಜಿಕೆ-ವಾಲ್ಯೂಮ್'ಗೆ ಜೋಡಿಸಿದೆವು. ಬರೆಯೋನು ಒಬ್ಬನೇ ಆದ್ದರಿಂದ ಕೂಡಿಸೋ ಒರೆಸೋ ರಗಳೆ ಇಲ್ಲ. ಆದರೆ ಸ್ಲೈಡರ್ ಎಳೆದಾಗ ಚರ್ ಚರ್ ಸದ್ದು. ಸ್ಲೈಡರಿನ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ನೆಗೆಯುತ್ತದೆ, ಶಬ್ದವೂ ಅದರ ಜೊತೆ ನೆಗೆಯುತ್ತದೆ. 'ಪೋರ್ಟ್' ಆಪ್‌ಕೋಡ್ ಹಾಕಿ, 0.02 ಸೆಕೆಂಡಿನಷ್ಟು ನುಣುಪು ಮಾಡಿದರೆ ಹೋಗುತ್ತದೆ.

ಹಾಗಾದರೆ ಬಳಸಬೇಕಾ, ಬೇಡವಾ?

ಸಿಸೌಂಡ್‌ನಲ್ಲಿ ಗ್ಲೋಬಲ್‌ಗೆ ಬದಲಿ ದಾರಿಗಳಿವೆ. ಹೆಸರಿಟ್ಟ ಚಾನೆಲ್‌ಗಳಿವೆ, ಅಲ್ಲೂ ಕೂಡಿಸೋಕೆ ಒಂದು ಆಪ್‌ಕೋಡ್, ಒರೆಸೋಕೆ ಇನ್ನೊಂದು. ಇನ್‌ಲೆಟ್-ಔಟ್‌ಲೆಟ್ ಅಂತ ಇದೆ, ಅದು ಬಂದಿದ್ದನ್ನೆಲ್ಲ ತಾನೇ ಕೂಡಿಸಿ, ಒರೆಸೋ ಚಿಂತೆಯನ್ನೂ ತಪ್ಪಿಸುತ್ತದೆ. ಪ್ರಾಜೆಕ್ಟ್ ದೊಡ್ಡದಾದರೆ ಅದು ಒಳ್ಳೇದು. ನಾಲ್ಕು ತಂತಿಯ ತಂಬೂರಿಗೆ ಒಂದು ಜಿಎ ವೇರಿಯಬಲ್ ಸಾಕು. ಆದರೆ ಅದನ್ನು ಬರೆಯೋ ಮೊದಲು ನಾವು ಈಗ ಈ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ:

1. ಇದಕ್ಕೆ ಬರೆಯೋರು ಎಷ್ಟು ಜನ? ಒಬ್ಬರಿಗಿಂತ ಹೆಚ್ಚಾದರೆ ಕೂಡಿಸುತ್ತಿದ್ದೇವಾ?
2. ಓದೋರು ಯಾರ್ಯಾರು? ಅವರ ನಂಬರ್ ಬರೆಯೋರ ನಂತರ ಇದೆಯಾ?
3. ಒರೆಸೋರು ಯಾರು? ಒಬ್ಬರೇನಾ? ಎಲ್ಲರಿಗಿಂತ ಕೊನೆಯಲ್ಲಿ ಬರ್ತಾರಾ?
4. ಒರೆಸೋರು ಕೊನೇವರೆಗೂ ಓಡುತ್ತಿರುತ್ತಾರಾ?

ಸಿ ಲ್ಯಾಬಿನ ಮಾತು ಸುಳ್ಳಲ್ಲ ಅಂತ ಈಗ ಅನ್ನಿಸುತ್ತದೆ. ಈ ನಾಲ್ಕು ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗ್ಲೋಬಲ್ ಬಳಸಬಾರದು, ಅಷ್ಟೇ. ನೀವು ನಾಳೆ ಥ್ರೆಡ್‌ಗಳ ನಡುವೆ ಒಂದು ಬಫರ್ ಹಂಚಿಕೊಂಡರೂ, ಮೈಕ್ರೋಕಂಟ್ರೋಲರಿನ ಇಂಟರಪ್ಟ್‌ನಲ್ಲಿ ಒಂದು ಫ್ಲ್ಯಾಗ್ ಎತ್ತಿದರೂ ಇವೇ ಪ್ರಶ್ನೆಗಳು ಬರುತ್ತವೆ. ಅಲ್ಲಿ ತಪ್ಪಾದರೆ ಎಷ್ಟೋ ದಿನ ಗೊತ್ತೇ ಆಗೋದಿಲ್ಲ. ಇಲ್ಲಿ ಕಿವಿಗೇ ಕೇಳಿಸುತ್ತದೆ.

ಕಿವಿ ಅಂದಾಗ ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಹೊಸ ಕೋಡನ್ನು ಮೊದಲ ಸಲ ಓಡಿಸುವಾಗ ಹೆಡ್‌ಫೋನ್ ತಲೆ ಮೇಲೆ ಇರಬಾರದು. ವಾಲ್ಯೂಮ್ ತೀರಾ ಕೆಳಗಿರಲಿ. ಕೊನೆಯ ಹಂತದಲ್ಲಿ ಮಿತಿ ದಾಟದಂತೆ 'ಲಿಮಿಟ್' ಹಾಕಿ. ಓಡಿ ಮುಗಿದ ಮೇಲೆ ಸಿಸೌಂಡ್ ಎಷ್ಟು ಸ್ಯಾಂಪಲ್ ಮಿತಿ ಮೀರಿದವು ಅಂತ ಲೆಕ್ಕ ಕೊಡುತ್ತದೆ. ಅದು ಸೊನ್ನೆ ಇದೆಯಾ ಅಂತ ನೋಡಿ ಆಮೇಲೆ ಹೆಡ್‌ಫೋನ್ ಹಾಕಿಕೊಳ್ಳಿ. ಆ ರಾತ್ರಿ ಕಿವಿ ಹಿಡಿದುಕೊಂಡು ಕೂತ ನಮ್ಮ ಗೆಳೆಯನಿಗೆ ಬೆಳಗಿನ ತನಕ ಕಿವಿಯಲ್ಲಿ ಗುಂಯ್ ಅಂತಲೇ ಇತ್ತು. ಅದು ಹೋಯಿತು, ಪುಣ್ಯ. ಎಲ್ಲ ಸಲವೂ ಹೋಗುತ್ತೆ ಅಂತ ಹೇಳೋಕಾಗೋದಿಲ್ಲ.

ರಾಜ್ಯೋತ್ಸವದ ದಿನ ತಂಬೂರಿ ನುಡಿಯಿತು. ಸ್ಟೇಜ್ ಹತ್ತೋ ಐದು ನಿಮಿಷ ಮುಂಚೆ ಹಾಡೋನು ಬಂದು "ಅಣ್ಣಾ, ಎರಡಲ್ಲ, ಒಂದಕ್ಕೇ ಇಟ್ಬಿಡಿ" ಅಂದ. ಜಿಐ-ಸ ಬದಲಾಯಿಸಿದೆವು, ಒಂದೇ ಜಾಗದಲ್ಲಿ. ಸಭಿಕರಲ್ಲಿ ಯಾರಿಗೂ ಅದು ಕೋಡ್ ಅಂತ ಗೊತ್ತಾಗಲಿಲ್ಲ.

ಪೂರ್ತಿ ಕೋಡ್ ಬೇಕಿದ್ದವರು ಸಂಜೆ ಐದರ ಮೇಲೆ ಕ್ಲಬ್ಬಿನ ರೂಮಿಗೆ ಬನ್ನಿ. ಎಕೋ ಭಾಗ ಇನ್ನೂ ಚೆನ್ನಾಗಿ ಆಗಬೇಕು, ಕೈ ಜೋಡಿಸೋರು ಸಿಕ್ಕರೆ ಇನ್ನೂ ಸಂತೋಷ. ರೂಮಿನ ಬೋರ್ಡಿನ ಮೇಲೆ ಏನಾದರೂ ಬರೆದರೆ ಹೋಗುವಾಗ ಒರೆಸಿ ಹೋಗಿ.